ಟಿಪ್ಪು ಸೈನ್ಯದ ಗುಂಡಿಗೆ ಸೀಸ ಎಲ್ಲಿಂದ ಬರ್ತಿತ್ತು?

 

ಮೈಸೂರಿನ ರಾಕೆಟ್ ಬಗ್ಗೆ ಎಪಿಸೋಡ್ ಮಾಡಿದ ಮೇಲೆ ದೊಡ್ಡಬಳ್ಳಾಪುರದ ಕಡೆಯಿಂದ ಒಬ್ಬರು ಮೆಸೇಜ್ ಹಾಕಿದ್ರು. "ಅಣ್ಣಾ, ರಾಕೆಟ್ ಕಥೆ ಎಲ್ರೂ ಹೇಳ್ತಾರೆ. ಮಾಮೂಲಿ ಸಿಪಾಯಿ ಕೋವಿಗೆ ತುಂಬ್ತಿದ್ದ ಗುಂಡು ಎಲ್ಲಿಂದ ಬರ್ತಿತ್ತು? ಅಂಗಡೀಲಿ ಸಿಗ್ತಿತ್ತಾ?" ಅಂತ. ಓದಿ ನಕ್ಕೆ. ಆಮೇಲೆ ಎರಡು ವಾರ ಅದೇ ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅಂತ ಪ್ರತಿ ವರ್ಷ ನವೆಂಬರ್‌ನಲ್ಲಿ ಜಗಳ ಆಡೋ ನಾವು, ಅವನ ಸಿಪಾಯಿಯ ಚೀಲದಲ್ಲಿದ್ದ ಗುಂಡಿನ ಲೋಹ ಯಾವ ಊರಿಂದ ಬಂತು ಅಂತ ಕೇಳೋದೇ ಇಲ್ಲ. ನಾನು ಓದಿದ್ದು ಬಿ.ಕಾಂ. ಯಾವ ವಸ್ತು ನೋಡಿದ್ರೂ ಮೊದಲು ತಲೆಗೆ ಬರೋದು ಸಪ್ಲೈ ಎಲ್ಲಿಂದ, ಬಿಲ್ ಯಾರ ಹೆಸರಿಗೆ ಅನ್ನೋದೇ. ಹಾಗಾಗಿ ಇವತ್ತು ಸೀಸದ ಲೆಕ್ಕ.

ಮೊದಲೇ ಹೇಳಿಬಿಡ್ತೀನಿ, ಇದು ಗುಂಡು ಮಾಡೋದು ಹೇಗೆ ಅಂತ ಕಲಿಸೋ ಎಪಿಸೋಡ್ ಅಲ್ಲ. ಇವತ್ತಿನ ಕಾನೂನು ಏನು ಹೇಳುತ್ತೆ ಅನ್ನೋದು ಕೊನೆಗೆ ಬರುತ್ತೆ, ಸ್ಕಿಪ್ ಮಾಡಬೇಡಿ.

ಸೀಸ ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಪೆನ್ಸಿಲ್‌ಗೆ ನಮ್ಮಲ್ಲಿ ಸೀಸದ ಕಡ್ಡಿ ಅಂತೀವಿ, ಅದರೊಳಗೆ ಒಂದು ಚೂರೂ ಸೀಸ ಇಲ್ಲ. ಕೇಳಬಾರದ ಮಾತು ಕೇಳಿದಾಗ ಕಿವಿಗೆ ಕಾದ ಸೀಸ ಹೊಯ್ದ ಹಾಗಾಯ್ತು ಅಂತೀವಿ. ಈ ಎರಡನೇ ಮಾತಿನಲ್ಲಿ ನಮ್ಮ ಕಥೆಯ ಅರ್ಧ ಇದೆ. ಯಾಕಂದ್ರೆ ಸೀಸ ಬೇಗ ಕರಗುತ್ತೆ. 327 ಡಿಗ್ರಿ ಸೆಲ್ಸಿಯಸ್ ಸಾಕು. ಕಬ್ಬಿಣ ಕರಗಿಸೋಕೆ 1,500 ಡಿಗ್ರಿ ದಾಟಬೇಕು. ಅದಕ್ಕೆ ಕುಲುಮೆ, ತಿದಿ, ಕಮ್ಮಾರ ಎಲ್ಲ ಬೇಕು. ಸೀಸಕ್ಕೆ ಅಡುಗೆ ಒಲೆಯ ಬೆಂಕಿ, ಒಂದು ಕಬ್ಬಿಣದ ಸೌಟು, ಇಕ್ಕಳದ ಹಾಗೆ ತೆರೆದು ಮುಚ್ಚುವ ಒಂದು ಅಚ್ಚು. ಅಚ್ಚಿಗೆ ಹೊಯ್ದರೆ ಕ್ಷಣದಲ್ಲಿ ಗಟ್ಟಿ. ಹದಿನೆಂಟನೇ ಶತಮಾನದಲ್ಲಿ ಜಗತ್ತಿನ ಎಲ್ಲ ಕಡೆ ಕೋವಿ ಇದ್ದ ಮನೆಗಳಲ್ಲಿ ಈ ಕೆಲಸ ಹೊಸಿಲ ಒಳಗೇ ನಡೀತಿತ್ತು.

ಮನೆಯಲ್ಲೇ ಯಾಕೆ? ಬತ್ತಿ ಹಚ್ಚಿ ಹಾರಿಸ್ತಿದ್ದ ಹಳೇ ತುಪಾಕಿಗಳನ್ನ ಒಬ್ಬೊಬ್ಬ ಕಮ್ಮಾರ ಒಂದೊಂದು ಥರ ಮಾಡ್ತಿದ್ದ. ಒಂದರ ನಳಿಗೆ ಹೆಬ್ಬೆರಳು ತೂರುವಷ್ಟು, ಇನ್ನೊಂದರದ್ದು ಕಿರುಬೆರಳಷ್ಟು. ನನ್ನ ಗುಂಡು ನಿಮ್ಮ ತುಪಾಕಿಗೆ ಆಗಲ್ಲ. ಹಾಗಾಗಿ ಅಂಗಡೀಲಿ ಸಿಗ್ತಿತ್ತಾ ಅನ್ನೋ ಪ್ರಶ್ನೆಗೆ ಉತ್ತರ, ಗುಂಡು ಸಿಕ್ಕರೂ ಉಪಯೋಗ ಇರಲಿಲ್ಲ. ತುಪಾಕಿ ಇದ್ದವನ ಹತ್ತಿರ ಅದರ ಅಚ್ಚೂ ಇರ್ತಿತ್ತು. ಕಬ್ಬಿಣದ ಗುಂಡು ಹಾಕಿದರೆ ನಳಿಗೆಯ ಒಳಮೈ ಕೆರೆದುಹೋಗುತ್ತೆ. ಕಲ್ಲಿನ ಗುಂಡು ಹಗುರ, ದೂರ ಹೋಗಲ್ಲ. ಸೀಸ ಮೆತ್ತಗೆ, ಜೊತೆಗೆ ಕಬ್ಬಿಣಕ್ಕಿಂತಲೂ ಭಾರ. ಅದಕ್ಕೆ ಬದಲಿಯೇ ಇರಲಿಲ್ಲ ಅನ್ನಬಹುದು.

ಈಗ ದೇವನಹಳ್ಳಿಗೆ ಬನ್ನಿ. ಏರ್‌ಪೋರ್ಟ್ ಅಲ್ಲ, ಊರೊಳಗಿನ ಕೋಟೆ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ. ಈಗ ನಾವು ಸೆಲ್ಫಿ ತಗೊಳ್ಳೋ ಕಲ್ಲಿನ ಬುರುಜುಗಳು ಆಮೇಲಿನವು. 1749ರಲ್ಲಿ ಮೈಸೂರಿನ ಸೈನ್ಯ ಇಲ್ಲಿನ ಪಾಳೇಗಾರನ ಮೇಲೆ ಮುತ್ತಿಗೆ ಹಾಕಿತು. ಅದು ಒಂದೆರಡು ದಿನದ ಜಗಳ ಅಲ್ಲ, ತಿಂಗಳುಗಟ್ಟಲೆ ಎಳೆಯಿತು. ಆ ಸೈನ್ಯದಲ್ಲಿ ಅಣ್ಣನ ಜೊತೆ ಬಂದಿದ್ದ ಒಬ್ಬ ಯುವಕ ದಳವಾಯಿ ನಂಜರಾಜಯ್ಯನ ಕಣ್ಣಿಗೆ ಬಿದ್ದ. ಮುತ್ತಿಗೆ ಮುಗಿದ ಮೇಲೆ ಅವನಿಗೆ 50 ಕುದುರೆ, 200 ಕಾಲಾಳುಗಳ ಒಂದು ಸಣ್ಣ ದಳ ಸಿಕ್ಕಿತು ಅಂತ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೀತಾನೆ. ಆ ಯುವಕನೇ ಹೈದರಾಲಿ. ಮರುವರ್ಷ ಅದೇ ದೇವನಹಳ್ಳಿಯಲ್ಲಿ ಅವನ ಮಗ ಹುಟ್ಟಿದ. ಹುಟ್ಟಿದ ಜಾಗದ ಗುರುತು ಕೋಟೆಯ ಹತ್ತಿರ ಈಗಲೂ ಇದೆ.

ಇನ್ನೂರು ಕಾಲಾಳು ಅಂದ್ರೆ ಚಿಕ್ಕ ಲೆಕ್ಕ. ಅವರ ತುಪಾಕಿಗೆ ಬೇಕಾದ ಸೀಸವನ್ನ ಯಾವುದೋ ಪೇಟೆಯ ವ್ಯಾಪಾರಿ ಹತ್ತಿರ ಗಟ್ಟಿ ಲೆಕ್ಕದಲ್ಲಿ ತಂದುಬಿಡಬಹುದು. ಆದರೆ ಇದೇ ಮನುಷ್ಯ ಹದಿನೈದು ವರ್ಷದೊಳಗೆ ಒಂದು ರಾಜ್ಯದ ಸೈನ್ಯ ನಡೆಸ್ತಾನೆ. ಕಾಲಾಳುಗಳ ಕೈಗೆ ಚಕಮಕಿ ಕಲ್ಲಿನ ಬಂದೂಕು ಬರುತ್ತೆ, ಯೂರೋಪಿನ ಥರ ಸಾಲಾಗಿ ನಿಂತು ಒಟ್ಟಿಗೆ ಹಾರಿಸೋ ಕವಾಯತು ಬರುತ್ತೆ. ಅಲ್ಲಿಗೆ ಲೆಕ್ಕವೇ ಬದಲಾಯ್ತು.

ಕ್ಯಾಲ್ಕುಲೇಟರ್ ತೆಗೀರಿ. ಆ ಕಾಲದ ಬ್ರಿಟಿಷ್ ಬಂದೂಕಿಗೆ ಒಂದು ಪೌಂಡ್ ಸೀಸದಲ್ಲಿ ಸುಮಾರು 14 ಗುಂಡು ಆಗ್ತಿತ್ತು. ಅಂದ್ರೆ ಒಂದು ಗುಂಡು 32 ಗ್ರಾಂ. ಮೈಸೂರಿನ ಬಂದೂಕಿನ ಗುಂಡೂ ಹೆಚ್ಚುಕಮ್ಮಿ ಇಷ್ಟೇ ಅಂತ ಇಟ್ಟುಕೊಳ್ಳೋಣ. ಒಬ್ಬ ಸಿಪಾಯಿಗೆ 60 ಗುಂಡು ಕೊಟ್ಟರೆ ಹತ್ತಿರ ಹತ್ತಿರ 2 ಕಿಲೋ ಸೀಸ. 20,000 ಸಿಪಾಯಿಗಳಿಗೆ ಸುಮಾರು 39 ಟನ್. ಒಂದು ಹೇರಿನ ಎತ್ತಿನ ಬೆನ್ನ ಮೇಲೆ 80 ಕಿಲೋ ಹಾಕಿದರೆ, ಹೆಚ್ಚುಕಮ್ಮಿ 490 ಎತ್ತು. ಚೆನ್ನಾಗಿ ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಹಾರಿಸ್ತಿದ್ದ. ಹಾಗೆ ಬಿಡದೆ ಹಾರಿಸಿದರೆ 60 ಗುಂಡು ಮುಗಿಯೋಕೆ ಇಪ್ಪತ್ತು ನಿಮಿಷ. ಅಂದ್ರೆ 490 ಎತ್ತಿನ ಹೇರು ನಾವು ಒಂದು ದರ್ಶಿನಿಯಲ್ಲಿ ದೋಸೆ ತಿಂದು ಕಾಫಿ ಕುಡಿದು ಎದ್ದು ಬರೋ ಹೊತ್ತಿಗೆ ಖಾಲಿ! ಯುದ್ಧದಲ್ಲಿ ಎಲ್ಲರೂ ಒಟ್ಟಿಗೆ ಎಲ್ಲ ಗುಂಡೂ ಹಾರಿಸಲ್ಲ, ಗೊತ್ತು. ಆದರೂ ಪ್ರಮಾಣ ಗೊತ್ತಾಯ್ತಲ್ವಾ.

ಈಗ ಅಸಲಿ ಪ್ರಶ್ನೆ. ಈ ಸೀಸ ಎಲ್ಲಿಂದ?

ಬಂದೂಕಿಗೆ ಬೇಕಾದ ಬಾಕಿ ಸಾಮಾನು ನೋಡಿ. ನಳಿಗೆಗೆ ಕಬ್ಬಿಣ ಬೇಕು, ಅದು ನಮ್ಮ ಸುತ್ತಮುತ್ತಲೇ ಇತ್ತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ ಕಂಪನಿಯ ಪರವಾಗಿ ಇಡೀ ಸೀಮೆ ಸುತ್ತಿದ. ಬೆಂಗಳೂರು, ದೊಡ್ಡಬಳ್ಳಾಪುರ, ಮಧುಗಿರಿ, ಮಾಗಡಿ, ಎಲ್ಲ ಕಡೆ. ಮಧುಗಿರಿ ಕಡೆ ಮಳೆಗಾಲದಲ್ಲಿ ಬೆಟ್ಟದಿಂದ ಹಳ್ಳದಲ್ಲಿ ಇಳಿದುಬರೋ ಕಪ್ಪು ಮರಳನ್ನ ತೊಳೆದು ಕಬ್ಬಿಣ ತೆಗೀತಿದ್ದಿದ್ದನ್ನ, ಮಾಗಡಿ ಹತ್ತಿರದ ಘಟ್ಟೀಪುರದಲ್ಲಿ ಕಬ್ಬಿಣ, ಉಕ್ಕು ಮಾಡ್ತಿದ್ದಿದ್ದನ್ನ ಬರೆದಿಟ್ಟಿದ್ದಾನೆ. ರಾಕೆಟ್ಟಿನ ಕೊಳವೆ ಕಬ್ಬಿಣದ್ದಾಗಿದ್ದೂ ಇದೇ ಕಾರಣಕ್ಕೆ. ಮದ್ದಿಗೆ ಇದ್ದಿಲು ಬೇಕು, ಕಾಡಿತ್ತು. ಪೆಟ್ಲುಪ್ಪು ಬೇಕು, ಹಳ್ಳಿಗಳ ಉಪ್ಪು ಮಣ್ಣನ್ನ ತೊಳೆದು ಕಾಯಿಸಿದರೆ ಬರ್ತಿತ್ತು. ಗಂಧಕ ಮಾತ್ರ ಹೊರಗಿನದು. ಅದಕ್ಕೆ ಜೊತೆಗಾರ ಸೀಸ.

ನಮ್ಮ ಸೀಮೆಗೆ ಸೀಸ ಗೊತ್ತೇ ಇರಲಿಲ್ಲ ಅಂತಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಸಾತವಾಹನರ ಕಾಲದ ಸೀಸದ ನಾಣ್ಯಗಳು ಸಿಕ್ಕಿವೆ. ಎರಡು ಸಾವಿರ ವರ್ಷದ ಹಿಂದೆ ಇದೇ ಲೋಹ ನಮ್ಮ ಚಿಲ್ಲರೆ ಕಾಸಾಗಿತ್ತು! ನನಗೆ ಇದು ಬಹಳ ಇಷ್ಟವಾದ ವಿಷಯ, ಇನ್ನೊಂದು ದಿನ ಇಡೀ ಎಪಿಸೋಡ್ ಮಾಡ್ತೀನಿ. ಆದರೆ ಸೈನ್ಯಕ್ಕೆ ಟನ್‌ಗಟ್ಟಲೆ ಕೊಡೋ ಸೀಸದ ಗಣಿ ಮೈಸೂರಿನಲ್ಲಿ ಇರಲಿಲ್ಲ. ಭಾರತದ ಹಳೇ ಸೀಸದ ಗಣಿಗಳು ಇದ್ದದ್ದು ರಾಜಸ್ಥಾನದಲ್ಲಿ, ಉದಯಪುರದ ಹತ್ತಿರದ ಜಾವರ್, ಅಜ್ಮೇರ್, ಆ ಕಡೆ. ಇವತ್ತಿಗೂ ದೇಶದ ಗಣಿಗಳಿಂದ ಬರೋ ಸೀಸದಲ್ಲಿ ಬಹುಪಾಲು ರಾಜಸ್ಥಾನದ್ದೇ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಬರಬೇಕಾದರೆ ನಡುವೆ ಮರಾಠರು, ನಿಜಾಮ, ಸಾವಿರದೈನೂರು ಕಿಲೋಮೀಟರ್ ಎತ್ತಿನ ದಾರಿ. ಆಗೋ ಮಾತಲ್ಲ.

ಸುಲಭದ ದಾರಿ ಕಡಲು. ಇಲ್ಲೇ ಈ ಕಥೆಯ ತಮಾಷೆ ಇರೋದು. ಆ ಕಾಲದಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಈಸ್ಟ್ ಇಂಡಿಯಾ ಕಂಪನಿ ತರ್ತಿದ್ದ ಸರಕು ಏನು ಗೊತ್ತಾ? ಉಣ್ಣೆ ಬಟ್ಟೆ, ತಾಮ್ರ, ಕಬ್ಬಿಣ ಮತ್ತು ಸೀಸ. ಉಣ್ಣೆ ಬಟ್ಟೆ ನಮ್ಮ ಬಿಸಿಲಿಗೆ ಯಾರಿಗೆ ಬೇಕು? ಸೀಸ ಹಾಗಲ್ಲ, ಖರ್ಚಾಗ್ತಿತ್ತು. ಮೇಲಾಗಿ ಹಡಗು ಅಲೆಗೆ ಮಗುಚದ ಹಾಗೆ ತಳದಲ್ಲಿ ಏನಾದರೂ ಭಾರ ಇಡಲೇಬೇಕು. ಕಲ್ಲು ಇಟ್ಟರೆ ಕಲ್ಲೇ. ಸೀಸ ಇಟ್ಟರೆ ಬಂದರಲ್ಲಿ ಮಾರಬಹುದು. ವ್ಯಾಪಾರ ಅಂದ್ರೆ ಇದಪ್ಪಾ! ವಾಪಸ್ ಹೋಗುವಾಗ ಮಲಬಾರಿನ ಮೆಣಸು. ಹಾಗೆ ಮಾರಿದ ಗಟ್ಟಿ ಎಷ್ಟು ಕೈ ದಾಟಿ ಎಲ್ಲಿಗೆ ಹೋಯ್ತು ಅಂತ ಯಾವ ಬಂದರಿನ ಗುಮಾಸ್ತನೂ ಹಿಂಬಾಲಿಸಲ್ಲ. ಇಂಗ್ಲೆಂಡಿನ ಗಣಿಯ ಸೀಸ ಇಂಗ್ಲಿಷರ ಎದೆಗೇ ವಾಪಸ್ ಬಿದ್ದಿರಬಹುದು. ಒಂದು ಗುಂಡನ್ನ ಕೈಯಲ್ಲಿ ಹಿಡಿದು ಇದು ಯಾರ ಸೀಸ ಅಂತ ಯಾವ ಸಿಪಾಯಿಯೂ ಹೇಳಲಾರ.

ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ಹೈದರಾಲಿಯ ನಕ್ಷೆ ನೋಡಿ. 1763ರಲ್ಲಿ ಬಿದನೂರು ಹಿಡಿದ, ಅದರ ಜೊತೆ ಮಂಗಳೂರು ಬಂತು. 1766ರಲ್ಲಿ ಮಲಬಾರಿಗೆ ಇಳಿದ. ಶಾಲೆಯಲ್ಲಿ ಇದನ್ನ ರಾಜ್ಯ ವಿಸ್ತರಣೆ ಅಂತ ಒಂದು ಅಂಕದ ಪ್ರಶ್ನೆ ಮಾಡಿ ಮುಗಿಸಿದ್ರು. ನಾನು ಇದನ್ನ ಓದೋದು ಬೇರೆ ಥರ. ಒಳನಾಡಿನ ರಾಜ್ಯಕ್ಕೆ ಬಂದರು ಸಿಕ್ಕಿತು. ಮೆಣಸು, ಏಲಕ್ಕಿ, ಶ್ರೀಗಂಧ ಕೆಳಗೆ ಇಳಿಯುತ್ತೆ. ಕುದುರೆ, ಬಂದೂಕು, ಲೋಹ ಘಟ್ಟ ಹತ್ತುತ್ತೆ. ಕಡಲ ದಾರಿ ಮುಚ್ಚಿದರೆ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಎಷ್ಟೇ ಒಳ್ಳೆ ಕೆಲಸಗಾರರಿದ್ದರೂ ಬಂದೂಕು ಬರೀ ದೊಣ್ಣೆ.

ಇದು ನನ್ನ ಕಲ್ಪನೆ ಅಲ್ಲ ಅನ್ನೋಕೆ 1779 ನೋಡಿ. ಮಲಬಾರ್ ತೀರದ ಮಾಹೆ ಫ್ರೆಂಚರ ಸಣ್ಣ ಬಂದರು, ಇವತ್ತು ಪುದುಚೇರಿಗೆ ಸೇರಿದ್ದು. ಫ್ರೆಂಚರಿಂದ ಹೈದರಾಲಿಗೆ ಯುದ್ಧದ ಸಾಮಗ್ರಿ ಬರ್ತಿದ್ದ ಬಾಗಿಲು ಅದು. ಅದು ನನ್ನ ರಕ್ಷಣೆಯಲ್ಲಿದೆ, ಮುಟ್ಟಬೇಡಿ ಅಂತ ಹೈದರ ಇಂಗ್ಲಿಷರಿಗೆ ಎಚ್ಚರಿಕೆ ಕೊಟ್ಟಿದ್ದ. ಅವರು ಮಾರ್ಚ್‌ನಲ್ಲಿ ಮಾಹೆ ಹಿಡಿದೇಬಿಟ್ರು. ಮರುವರ್ಷ ಜುಲೈನಲ್ಲಿ ಹೈದರ ದೊಡ್ಡ ಸೈನ್ಯ ಕಟ್ಟಿಕೊಂಡು ಕರ್ನಾಟಿಕ್ ಮೇಲೆ ಇಳಿದ. ಅದೇ ಎರಡನೇ ಮೈಸೂರು ಯುದ್ಧ. ಕಾರಣಗಳು ಬೇರೆಯೂ ಇದ್ವು, ಹಳೇ ಒಪ್ಪಂದ ಮುರಿದ ಸಿಟ್ಟಿತ್ತು. ಆದರೆ ಒಂದು ಪುಟ್ಟ ಬಂದರಿಗೆ ಅಷ್ಟು ದೊಡ್ಡ ಕೋಪ ಯಾಕೆ ಅಂತ ಪಠ್ಯಪುಸ್ತಕ ಓದುವಾಗ ನನಗೆ ಯಾವತ್ತೂ ಅರ್ಥ ಆಗಿರಲಿಲ್ಲ. ಸಾಮಾನಿನ ಲೆಕ್ಕ ಹಾಕಿದ ಮೇಲೆ ಅರ್ಥವಾಯ್ತು.

ಟಿಪ್ಪು ಇದನ್ನ ಅಪ್ಪನಿಗಿಂತ ಚೆನ್ನಾಗಿ ತಿಳ್ಕೊಂಡಿದ್ದ. ಮಸ್ಕತ್‌ನಲ್ಲಿ ಮೈಸೂರಿನದೇ ವ್ಯಾಪಾರದ ಕೋಠಿ ಇಟ್ಟ. ಫ್ರಾನ್ಸಿನ ರಾಜ ಹದಿನಾರನೇ ಲೂಯಿಗೆ ರಾಯಭಾರಿಗಳನ್ನ ಕಳಿಸಿ ಕುಶಲಕರ್ಮಿಗಳನ್ನ ಕೇಳಿದ. ಬಂದೂಕು ಮಾಡೋದನ್ನ ಮನೆಯೊಳಗೆ ತಂದುಕೊಂಡ. ಆದರೆ ಒಂದು ಮಾತು: ಕುಶಲಕರ್ಮಿಯನ್ನ ಕರೆಸಬಹುದು, ಗಣಿಯನ್ನ ಕರೆಸೋಕಾಗಲ್ಲ.

ನಮ್ಮ ಜಿಲ್ಲೆಗೆ ವಾಪಸ್ ಬರೋಣ, ಯಾಕಂದ್ರೆ ಈ ಯುದ್ಧಗಳ ಭಾರ ಬಿದ್ದಿದ್ದು ಇಲ್ಲೇ. 1768ರ ಆಗಸ್ಟ್‌ನಲ್ಲಿ ಹೊಸಕೋಟೆ ಹತ್ತಿರ ಬೀಡುಬಿಟ್ಟಿದ್ದ ಇಂಗ್ಲಿಷರ ಜೊತೆಗಾರ ಗುತ್ತಿಯ ಮುರಾರಿರಾವ್ ಮೇಲೆ ಹೈದರ ರಾತ್ರಿ ದಾಳಿ ಮಾಡಿದ, ಗೆಲ್ಲಲಿಲ್ಲ. 1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ವೆಲ್ಲೂರು ಕಡೆಯಿಂದ ಘಟ್ಟ ಹತ್ತಿ ಬಂದ. ಕೋಲಾರ, ಹೊಸಕೋಟೆ ಹೆಚ್ಚು ಹೋರಾಟ ಇಲ್ಲದೆ ಕೈಬಿಟ್ಟವು. ಮಾರ್ಚ್ 5ಕ್ಕೆ ಬೆಂಗಳೂರಿನ ಮುಂದೆ ನಿಂತ, 7ಕ್ಕೆ ಪೇಟೆ ಹೋಯ್ತು, 21ರ ರಾತ್ರಿ ಕೋಟೆಯೂ ಹೋಯ್ತು. ಆಮೇಲೆ ಅವನ ಸೈನ್ಯ ಉತ್ತರಕ್ಕೆ ತಿರುಗಿ ದೇವನಹಳ್ಳಿಗೆ ಬಂತು. ಟಿಪ್ಪು ಹುಟ್ಟಿದ ಕೋಟೆ ಕಾದಾಟ ಇಲ್ಲದೆ ಶರಣಾಯಿತು. ಅಪ್ಪನಿಗೆ ಮೊದಲ ದಳ ಕೊಟ್ಟ ಕೋಟೆ, ತಿಂಗಳುಗಟ್ಟಲೆ ಮುತ್ತಿಗೆ ತಡೆದಿದ್ದ ಊರು.

ಕಾರ್ನ್‌ವಾಲಿಸ್‌ಗೂ ಈ ಭಾರದ ಲೆಕ್ಕ ಬಿಡಲಿಲ್ಲ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ, ಅರಕೆರೆಯವರೆಗೂ ಹೋದ, ಅಲ್ಲಿನ ಕಾಳಗ ಗೆದ್ದ. ಆದರೆ ಮಳೆ ಹಿಡಿದಿತ್ತು, ಮೇವಿಲ್ಲ, ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯೋರಿಲ್ಲದೆ ಮುತ್ತಿಗೆಯ ದೊಡ್ಡ ತೋಪುಗಳನ್ನ ತಾನೇ ಒಡೆದುಹಾಕಿಸಿ ಬೆಂಗಳೂರಿಗೆ ವಾಪಸ್ ಬಂದ. ಗೆದ್ದ ಸೈನ್ಯ ಸಾಮಾನು ಹೊರಲಾರದೆ ಹಿಂದೆ ಸರೀತು! ಮುಂದಿನ ಸಲ ಅವನು ಬಂದಿದ್ದು ಲಂಬಾಣಿಗರ ಹೇರಿನೆತ್ತುಗಳ ದೊಡ್ಡ ಹಿಂಡನ್ನ ಸಂಬಳಕ್ಕೆ ಗೊತ್ತುಮಾಡಿಕೊಂಡು. ಅಮೃತಮಹಲ್ ದನಗಳನ್ನ ಮೈಸೂರಿನವರು ಅಷ್ಟು ಮುದ್ದಾಗಿ ಸಾಕಿದ್ದು ಯಾಕೆ ಅಂತ ಈಗ ಗೊತ್ತಾಗಿರಬೇಕು. ನಾವು ಕುದುರೆ ಮೇಲೆ ಕೂತವನ ಚಿತ್ರ ಬಿಡಿಸ್ತೀವಿ, ಯುದ್ಧ ಎಳೆದದ್ದು ಎತ್ತು.

1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ. ಮಕ್ಕಳನ್ನ ಒತ್ತೆ ಇಟ್ಟ ಕಥೆ ಎಲ್ಲರಿಗೂ ಗೊತ್ತು. ಹೋದ ಅರ್ಧದಲ್ಲಿ ಮಲಬಾರ್ ತೀರ ಇತ್ತು ಅನ್ನೋದನ್ನ ಯಾರೂ ಹೇಳಲ್ಲ. ಉಳಿದಿದ್ದು ಮಂಗಳೂರಿನ ಕಡೆಯ ಕರಾವಳಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಉಗ್ರಾಣದಲ್ಲಿ 900ಕ್ಕೂ ಹೆಚ್ಚು ತೋಪುಗಳು, ರಾಶಿರಾಶಿ ಬಂದೂಕು, ಮದ್ದು ಸಿಕ್ಕಿತು. ಅಂದ್ರೆ ಸಾಮಾನು ಕಡಿಮೆಯಾಗಿ ಸೋತರು ಅಂತ ನಾನು ಹೇಳ್ತಿಲ್ಲ. ಮದ್ದುಗುಂಡು ಮುಗಿದಿದ್ರಿಂದ ಕೋಟೆ ಹೋಯ್ತು ಅಂತ ವಾಟ್ಸಾಪ್‌ನಲ್ಲಿ ಯಾರಾದ್ರೂ ಕಳಿಸಿದ್ರೆ ನಂಬಬೇಡಿ. ನಾನು ಹೇಳ್ತಿರೋದು ಇಷ್ಟು, ಆ ಮೂವತ್ತು ವರ್ಷ ಮೈಸೂರು ಎಲ್ಲಿಗೆ ಹೋಗಿ ಯಾರ ಜೊತೆ ಜಗಳ ಆಡ್ತು ಅನ್ನೋದನ್ನ ಅದಕ್ಕೆ ಇಲ್ಲದ ವಸ್ತುಗಳೂ ತೀರ್ಮಾನ ಮಾಡಿದವು.

ಕೋಟೆ ಹೋಯ್ತು, ಆದರೆ ಊರೂರಿನ ಮನೆಗಳಲ್ಲಿ ತುಪಾಕಿ, ಅಚ್ಚು, ಸೌಟು ಉಳೀತಲ್ಲ? ಅದನ್ನ ಗೆದ್ದವರು ಹೇಗೆ ಬಿಡ್ತಾರೆ? ಕಥೆಯ ಎರಡನೇ ಭಾಗ ಇದು. ಇದಕ್ಕೆ ನಾವು ಮುಧೋಳದ ಕಡೆ ಹೋಗಬೇಕು.

1857ರಲ್ಲಿ ದಂಗೆ ಎದ್ದ ಮೇಲೆ ಬ್ರಿಟಿಷ್ ಸರ್ಕಾರ ಆಯುಧ ಕಿತ್ತುಕೊಳ್ಳೋ ಕಾಯ್ದೆ ತಂತು. ಅದೇ ನವೆಂಬರ್‌ನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡಲ್ಲ ಅಂದ್ರು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಓದಿದ ನಮ್ಮಲ್ಲಿ ಎಷ್ಟೋ ಜನರಿಗೆ ಈ ಲಾವಣಿ ನೆನಪಿರುತ್ತೆ. ಬೇಡರಿಗೆ ಆಯುಧ ಅಂದ್ರೆ ಬೇಟೆ, ಕಾವಲು, ಮರ್ಯಾದೆ, ಎಲ್ಲಾ. ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಸಿಕ್ಕಿಬಿದ್ದವರಲ್ಲಿ 19 ಜನರನ್ನ ಗಲ್ಲಿಗೇರಿಸಿದರು. ಜನರ ಬಾಯಲ್ಲಿದ್ದ ಆ ಲಾವಣಿಯನ್ನ ಆಮೇಲೆ ಬರೆದಿಟ್ಟು ಪ್ರಕಟಿಸಿದ್ದು ಜಾನ್ ಫ್ಲೀಟ್, ಅವನೂ ಬ್ರಿಟಿಷ್ ಅಧಿಕಾರಿಯೇ.

ಅದೇ ಕಾಯ್ದೆ, ನಮ್ಮದೇ ಇನ್ನೊಂದು ನಾಡು. ಕೊಡಗಿನವರಿಗೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟ, ದಂಗೆಯ ಹೊತ್ತಲ್ಲಿ ನಮ್ಮ ಪರ ಇದ್ರಿ ಅನ್ನೋ ಮೆಚ್ಚುಗೆಗೆ. ಹೌದು, ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್ನೇ. ಒಂದು ಊರಿಗೆ ಗಲ್ಲು, ಒಂದು ನಾಡಿಗೆ ಸನದು. ಕೊಡವರ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇವತ್ತಿನವರೆಗೂ ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಕೈಲ್ ಮುಹೂರ್ತದ ದಿನ ಅಲ್ಲಿ ಕೋವಿಗೆ ಪೂಜೆ ಆಗುತ್ತೆ. ಕೊಡವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ ಆಯುಧ ಯಾರ ಮನೆಯಲ್ಲಿ ಇರಬಹುದು ಅನ್ನೋದನ್ನ ಆಗ ತೀರ್ಮಾನ ಮಾಡಿದ್ದು ನಿಷ್ಠೆಯ ಲೆಕ್ಕಪುಸ್ತಕ ಅನ್ನೋದನ್ನ ಹೇಳಲೇಬೇಕು.

ಆಮೇಲೆ ಬಂತು 1878ರ ಆಯುಧ ಕಾಯ್ದೆ. ವೈಸರಾಯ್ ಲಿಟ್ಟನ್ ಕಾಲ. ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿದ ಕಾಯ್ದೆಯೂ ಅದೇ ವರ್ಷದ್ದು. ಈ ಎಪಿಸೋಡಿಗೆ ಓದುವಾಗ ನನಗೆ ರೋಮಾಂಚನ ಆದ ಜಾಗ ಇದು. ಕಾಯ್ದೆಯ ಶುರುವಿನಲ್ಲಿ ಪದಗಳ ಅರ್ಥ ಹೇಳುವ ಕಲಂ ಇರುತ್ತಲ್ಲ, ಯಾರೂ ಓದದ ಭಾಗ, ಅಲ್ಲಿ ಯುದ್ಧ ಸಾಮಗ್ರಿ ಅಂದ್ರೆ ಏನು ಅಂತ ಬರೀತಾ, ಸರ್ಕಾರ ಆದೇಶ ಹೊರಡಿಸಿದರೆ ಸೀಸ, ಗಂಧಕ, ಪೆಟ್ಲುಪ್ಪು ಕೂಡ ಅದರೊಳಗೆ ಬರುತ್ತೆ ಅಂತ ಸೇರಿಸಿದ್ದಾರೆ. ಬಂದೂಕು ಅಷ್ಟೇ ಅಲ್ಲ, ಗುಂಡು ಅಷ್ಟೇ ಅಲ್ಲ, ಬರೀ ಸೀಸ! ಕಂಪನಿ ಒಂದು ಕಾಲದಲ್ಲಿ ಹಡಗಿನ ತಳದಲ್ಲಿ ತಂದು ಸಿಕ್ಕಸಿಕ್ಕವರಿಗೆ ಮಾರಿದ ಅದೇ ಲೋಹ. ಕಾನೂನು ಬರೆದವನಿಗೆ ಚೆನ್ನಾಗಿ ಗೊತ್ತಿತ್ತು. ಎರಕ ಹೊಯ್ಯೋದನ್ನ ತಡೆಯೋಕೆ ಪ್ರತಿ ಅಡುಗೆಮನೆಗೆ ಪೊಲೀಸ್ ಕಳಿಸೋಕಾಗಲ್ಲ. ಗಟ್ಟಿಯನ್ನ ತಡೆದರೆ ಸಾಕು.

ಆ ಕಾಯ್ದೆ ಬ್ರಿಟಿಷ್ ಇಂಡಿಯಾದ್ದು. ಧಾರವಾಡ, ಬಳ್ಳಾರಿ, ಮಂಗಳೂರಿನ ಕಡೆಗೆ ನೇರವಾಗಿ ಅನ್ವಯ. ಮೈಸೂರು ಸೀಮೆ ಲೆಕ್ಕದಲ್ಲಿ ಬೇರೆ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳೇ ನಡೆಸ್ತಿದ್ರು, ಆಮೇಲೆ ಒಡೆಯರಿಗೆ ವಾಪಸ್ ಬಂತು.

ಈಗ ಇವತ್ತಿಗೆ. ನಮ್ಮದು 1959ರ ಆಯುಧ ಕಾಯ್ದೆ. ಅದರಲ್ಲಿ ಮದ್ದುಗುಂಡು ಅನ್ನೋ ಪದದೊಳಗೆ ಅದರ ಬಿಡಿಭಾಗಗಳು, ಅದನ್ನ ತಯಾರಿಸೋ ಯಂತ್ರೋಪಕರಣ ಎಲ್ಲ ಸೇರುತ್ತೆ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು ಜೈಲಿಗೆ ಹೋಗೋ ಅಪರಾಧ. ಅಜ್ಜನ ಕಾಲದ ಕೋವಿಗೆ ಲೈಸೆನ್ಸ್ ಇದೆ ಅಂದ್ರೆ ಗುಂಡು ಮಾಡೋಕೂ ಲೈಸೆನ್ಸ್ ಇದೆ ಅಂತಲ್ಲ, ಎರಡೂ ಬೇರೆ. ಮಲೆನಾಡಿನ ಬೆಳೆಗಾರರನ್ನ ಕೇಳಿ, ಪ್ರತಿ ಚುನಾವಣೆ ಬಂದಾಗ ಬೆಳೆ ಕಾಯೋ ಕೋವಿಯನ್ನ ಪೊಲೀಸ್ ಠಾಣೆಗೆ ಹೊತ್ತುಕೊಂಡು ಹೋಗಿ ಇಟ್ಟು ಬರಬೇಕು. ಹಂದಿಗಳಿಗೆ ನೀತಿ ಸಂಹಿತೆ ಗೊತ್ತಿಲ್ಲ ಅಂತ ಅವರು ಗೊಣಗ್ತಾರೆ.

ಸೀಸದ ಲೆಕ್ಕ ಮಾತ್ರ ಪೂರಾ ತಲೆಕೆಳಗಾಗಿದೆ. ಹೈದರಾಲಿ ಬಂದರು ಹಿಡಿದು ತರಿಸಬೇಕಾಗಿದ್ದ ಲೋಹ ಈಗ ನಮ್ಮ ಕಾರು, ಆಟೋ, ಮನೆಯ ಯುಪಿಎಸ್ ಒಳಗೆ ಕೂತಿದೆ. ಮಾಮೂಲಿ ಲೆಡ್-ಆಸಿಡ್ ಬ್ಯಾಟರಿಯ ತೂಕದಲ್ಲಿ ಸುಮಾರು 60 ಪರ್ಸೆಂಟ್ ಸೀಸ. 15 ಕಿಲೋದ ಕಾರ್ ಬ್ಯಾಟರಿ ಅಂದ್ರೆ 9 ಕಿಲೋ, ನಾಲ್ಕೂವರೆ ಸಿಪಾಯಿಗಳ ಚೀಲ ತುಂಬುವಷ್ಟು. ಹೊಸಕೋಟೆ, ನೆಲಮಂಗಲದ ಹೈವೇ ಪಕ್ಕದ ಗ್ಯಾರೇಜುಗಳ ಮುಂದೆ ಹಳೇ ಬ್ಯಾಟರಿ ಜೋಡಿಸಿಟ್ಟಿರೋದನ್ನ ನೀವು ನೋಡೇ ಇರ್ತೀರಿ. ಕೆರೆಯಲ್ಲಿ ಮೀನು ಹಿಡಿಯೋರ ಬೀಸುಬಲೆಯ ಅಂಚಿಗೆ ಕಟ್ಟೋ ಸೀಸದ ಗುಂಡು ಕೂಡ ಇದೇ ಸಂಸಾರದ್ದು. ಸೀಸ ಸಿಗಲ್ಲ ಅನ್ನೋ ಮಾತೇ ಇಲ್ಲ ಈಗ. ಸಿಕ್ಕಿದ ಸೀಸ ಎಲ್ಲಿಗೆ ಹೋಗುತ್ತೆ ಅನ್ನೋದು ಪ್ರಶ್ನೆ.

ಎಷ್ಟೋ ಸಲ ಹೋಗೋದು ಮಕ್ಕಳ ರಕ್ತಕ್ಕೆ. ಇದನ್ನ ಜೋರಾಗಿ ಹೇಳಿದವರು ಬೆಂಗಳೂರಿನವರೇ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ದೇಶದ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿತು. ಪರೀಕ್ಷೆ ಮಾಡಿದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಪ್ರತಿ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸೀಸ ಸಿಕ್ಕಿತು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯ ಹಿಡಿದು ವರ್ಷಗಟ್ಟಲೆ ಓಡಾಡಿದರು; ಸೀಸದ ವಿಷಕ್ಕೆ ಅಂತಲೇ ರಾಷ್ಟ್ರಮಟ್ಟದ ಕೇಂದ್ರ ಅಲ್ಲಿ ಶುರುವಾಯ್ತು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೊರಗೆ ಹೋಯ್ತು. ಅದರ ಮುಂಚೆ ಹುಟ್ಟಿದ ನಮ್ಮ ವಯಸ್ಸಿನವರೆಲ್ಲ ಒಂದಿಷ್ಟು ಉಸಿರಾಡಿದವರೇ.

ಪೆಟ್ರೋಲ್ ಸರಿಹೋದರೂ ಒಲೆ ನಿಂತಿಲ್ಲ. ಬ್ಯಾಟರಿಯನ್ನ ಕೊಡಲಿಯಲ್ಲಿ ಒಡೆದು, ಆಸಿಡ್ ಮೋರಿಗೆ ಚೆಲ್ಲಿ, ಸೀಸದ ಫಲಕಗಳನ್ನ ಬಯಲಲ್ಲಿ ಕರಗಿಸಿ ಗಟ್ಟಿ ಮಾಡೋ ಕೆಲಸ ದೇಶದ ಎಷ್ಟೋ ಊರ ಹೊರಗೆ ಈಗಲೂ ನಡೆಯುತ್ತೆ. ಅದೇ 327 ಡಿಗ್ರಿ, ಅದೇ ಸೌಟು. ಕಣ್ಣಿಗೆ ಕಾಣೋ ಹೊಗೆಗಿಂತ ಕಾಣದ ಧೂಳು ಕೆಟ್ಟದ್ದು. ಕರಗಿದ ಸೀಸದ ಮೇಲೆ ಕಟ್ಟೋ ಬೂದಿಯಂಥ ಕೆನೆ ಬಟ್ಟೆಗೆ, ಕೂದಲಿಗೆ, ಉಗುರಿನ ಸಂದಿಗೆ ಅಂಟಿ ಮನೆಗೆ ಬರುತ್ತೆ. ಕೆಲಸ ಮಾಡಿದವನು ಅಪ್ಪ, ವಿಷ ಸೇರೋದು ಅವನ ತೊಡೆ ಮೇಲೆ ಕೂತ ಮಗುವಿಗೆ. ಮಗುವಿನ ಮಿದುಳು ಬೆಳೆಯೋ ವಯಸ್ಸಲ್ಲಿ ಇಷ್ಟು ಸೀಸ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಇನ್ನೂರೈವತ್ತು ವರ್ಷದ ಹಿಂದೆ ಹೊಸಿಲ ಒಳಗೆ ಗುಂಡು ಎರಕ ಹೊಯ್ತಿದ್ದ ಮನೆಗಳ ಮಕ್ಕಳಿಗೆ ಏನಾಯ್ತು ಅಂತ ಯಾವ ದಫ್ತರದಲ್ಲೂ ಬರೆದಿಲ್ಲ. ಯುದ್ಧದಲ್ಲಿ ಸತ್ತವರ ಪಟ್ಟಿ ಇರುತ್ತೆ, ಅಡುಗೆಮನೆಯ ಪಟ್ಟಿ ಇರಲ್ಲ.

ಬ್ಯಾಟರಿ ಕಂಪನಿಗಳೇ ಹಳೇದನ್ನ ವಾಪಸ್ ತಗೋಬೇಕು ಅಂತ ನಿಯಮ ಇದೆ. 2001ರಲ್ಲೇ ಬಂದಿತ್ತು, 2022ರಲ್ಲಿ ಹೊಸದಾಗಿ ಇನ್ನೂ ಬಿಗಿ ಮಾಡಿದ್ರು. ಯುಪಿಎಸ್ ಬ್ಯಾಟರಿ ಬದಲಾಯಿಸುವಾಗ ಹಳೇದನ್ನ ಹೊಸದು ಮಾರಿದ ಡೀಲರಿಗೇ ಕೊಡಿ, ಬಿಲ್‌ನಲ್ಲಿ ಅದರ ಬೆಲೆ ಕಡಿತ ಆಗಿದೆಯಾ ನೋಡಿ. ಗುಜರಿಯವನು ಇನ್ನೂರು ರೂಪಾಯಿ ಜಾಸ್ತಿ ಕೊಡ್ತೀನಿ ಅಂದ್ರೆ, ಆ ಇನ್ನೂರು ಎಲ್ಲಿ ಉಳಿತಾಯ ಮಾಡಿ ಕೊಡ್ತಿದ್ದಾನೆ ಅಂತ ಒಂದು ಸಲ ಕೇಳಿ.

ದೊಡ್ಡಬಳ್ಳಾಪುರದ ಗೆಳೆಯರೇ, ನಿಮ್ಮ ಪ್ರಶ್ನೆಗೆ ಇಷ್ಟುದ್ದ ಉತ್ತರ ಬರುತ್ತೆ ಅಂತ ನೀವೂ ಅಂದ್ಕೊಂಡಿರಲಿಲ್ಲ ಅನ್ಸುತ್ತೆ. ಮುಂದಿನ ವಾರ ಪೆಟ್ಲುಪ್ಪು. ಹಳ್ಳಿಯ ಮಣ್ಣು ಮದ್ದಾಗಿದ್ದು ಹೇಗೆ, ಅದನ್ನ ತೊಳೀತಿದ್ದವರು ಯಾರು ಅಂತ ನೋಡೋಣ. ನಿಮ್ಮ ಊರಲ್ಲಿ ಉಪ್ಪಾರರ ಕೇರಿ ಇದ್ದರೆ, ಅಲ್ಲಿನ ಹಿರಿಯರ ಹತ್ತಿರ ಹಳೇ ಮಾತು ಏನಾದ್ರೂ ಇದ್ದರೆ, ಕೇಳಿ ಒಂದು ವಾಯ್ಸ್ ನೋಟ್ ಕಳಿಸಿ.